ಎಂಟೋ ಒಂಬತ್ತೋ

ನನ್ನ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂದು ನನಗೆ ಒಂದು ದಿನವೂ ಖಾತ್ರಿಯಾಗಿ ಗೊತ್ತಾಗುವುದಿಲ್ಲ. ಮೂರು ಕೂಗಿಗೆ ಅನ್ನ, ನಾಲ್ಕು ಕೂಗಿಗೆ ಬೇಳೆ ಎಂದು ನನ್ನ ಹೆಂಡತಿ ಹೇಳಿಕೊಟ್ಟು ಹೋಗಿದ್ದಾಳೆ. ಹೇಳಿಕೊಟ್ಟದ್ದು ನೆನಪಿದೆ, ಎಣಿಸುವುದು ಮಾತ್ರ ಕೈಗೆ ಹತ್ತಿಲ್ಲ. ಮೊದಲನೆಯ ಕೂಗಿಗೆ ಬೆಚ್ಚಿಬೀಳುತ್ತೇನೆ, ಎರಡನೆಯದರ ಹೊತ್ತಿಗೆ ಪೇಪರಿನಲ್ಲಿ ಮುಳುಗಿರುತ್ತೇನೆ, ಮೂರನೆಯದು ನನ್ನ ಮನೆಯದೋ ಪಕ್ಕದ ಮನೆಯದೋ ತಿಳಿಯುವುದಿಲ್ಲ. ನೀವು ನಗಬಹುದು. ಮೂವತ್ತೈದು ವರ್ಷ ರೈಲಿನ ಗಾರ್ಡಾಗಿದ್ದವನು ನಾನು. ನಾನು ಸೀಟಿ ಊದಿ ಹಸಿರು ಬಾವುಟ ತೋರಿಸದೆ ಗಾಡಿ ಒಂದಡಿ ಅಲುಗುತ್ತಿರಲಿಲ್ಲ. ಅಂಥವನು ಈಗ ಮೂರು ಲೀಟರಿನ ಕುಕ್ಕರಿನ ಸೀಟಿಗೆ ಹೆದರಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ.

ಮನೆಯಲ್ಲಿ ಇನ್ನೊಬ್ಬರಿದ್ದರೆ ಇದೊಂದು ಸಮಸ್ಯೆಯೇ ಅಲ್ಲ. ‘ಎಷ್ಟಾಯ್ತೇ?’ ಎಂದು ನಡುಮನೆಯಿಂದ ಕೇಳಿದರೆ ‘ಎರಡು’ ಎಂದು ಒಳಗಿಂದ ಉತ್ತರ ಬರುತ್ತಿತ್ತು. ಆ ಉತ್ತರ ತಪ್ಪಾದ ದಿನ ಇಬ್ಬರೂ ಕೂತು ಸೀದ ಅನ್ನ ಉಣ್ಣುತ್ತಿದ್ದೆವು, ಅಷ್ಟೇ. ಈಗ ಕೇಳಿದರೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುತ್ತದೆ, ಅದೂ ಅದಕ್ಕೆ ಮನಸ್ಸಿದ್ದರೆ. ತನ್ನ ಎಣಿಕೆ ಸರಿಯೋ ತಪ್ಪೋ ಎಂದು ಹೇಳುವ ಇನ್ನೊಂದು ಬಾಯಿ ಒಂಟಿ ಮನುಷ್ಯನಿಗಿಲ್ಲ ಎಂಬ ಈ ಸಣ್ಣ ಸಂಗತಿ ನನಗೆ ಸರಿಯಾಗಿ ಅರ್ಥವಾದದ್ದು, ನಂಬಿದರೆ ನಂಬಿ, ಒಂದು ಗಾಲ್ಫ್ ಪಂದ್ಯದಿಂದ. ಕುಕ್ಕರಿಗೂ ಗಾಲ್ಫಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಸ್ವಲ್ಪ ತಾಳಿ. ಗಾರ್ಡಿನ ಡಬ್ಬಿ ಯಾವಾಗಲೂ ಗಾಡಿಯ ಕೊನೆಗೇ ಬರುವುದು.

ಗಾಲ್ಫ್ ನಮ್ಮ ಚಾಮರಾಜನಗರದ ಆಟವಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಹೆಂಡತಿ ತೀರಿಕೊಂಡ ವರ್ಷ, ಅವಳು ಬೆಳಿಗ್ಗೆ ಭಜನೆ ಕೇಳುತ್ತಿದ್ದ ಚಾನೆಲ್ಲಿನ ನಂಬರು ಒತ್ತಿದರೆ ಒಂದು ದಿನ ಭಜನೆಯ ಬದಲು ಹಸಿರು ಹುಲ್ಲು ಬಂತು. ಕೇಬಲ್ಲಿನವನು ಯಾವುದನ್ನೋ ಎಲ್ಲಿಗೋ ಬದಲಾಯಿಸಿದ್ದ. ದೂರು ಕೊಡೋಣ ಎಂದುಕೊಂಡವನು ಹಾಗೇ ಕೂತು ನೋಡಿದೆ. ಎಷ್ಟು ದೊಡ್ಡ ಹುಲ್ಲುಗಾವಲು, ಎಷ್ಟು ಕಡಿಮೆ ಜನ, ಎಷ್ಟು ನಿಧಾನ! ಹೆಂಡತಿ ಹೋದ ಮನೆಗೆ ಅದಕ್ಕಿಂತ ಹೊಂದುವ ಕಾರ್ಯಕ್ರಮ ಇನ್ನೊಂದಿರಲಿಲ್ಲ. ಭಜನೆಯ ಜಾಗದಲ್ಲಿ ಬಂದದ್ದರಿಂದಲೋ ಏನೋ, ಅದರ ಬಗ್ಗೆ ನನಗೆ ಮೊದಲಿಂದಲೂ ಸ್ವಲ್ಪ ಭಕ್ತಿ.

ಭಾನುವಾರ ಜೊತೆಗೆ ಕೂತು ನೋಡುತ್ತಿದ್ದವನು ಗುರುಮಲ್ಲಪ್ಪ. ಹರದನಹಳ್ಳಿಯಲ್ಲಿ ಅರಿಸಿನ ಬೆಳೆಯುವವನು. ಹಣೆ ತುಂಬ ವಿಭೂತಿ, ಮೂಗಿನ ಕೆಳಗೆ ಮೂರು ಜನಕ್ಕಾಗುವಷ್ಟು ಮೀಸೆ. ಹಿಂದೆ ವಾರಕ್ಕೊಮ್ಮೆ ಮೈಸೂರಿಗೆ ನನ್ನ ಗಾಡಿಯಲ್ಲೇ ಹೋಗುತ್ತಿದ್ದ. ಬೇಕೆಂದೇ ಕೊನೆಯ ಡಬ್ಬಿ ಹತ್ತಿ, ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಬಂದು ನನ್ನ ಹತ್ತಿರ ಎರಡು ಮಾತಾಡಿ ಓಡಿಹೋಗಿ ಹತ್ತುತ್ತಿದ್ದ. ಆ ಎರಡೆರಡು ಮಾತು ಕೂಡಿಸಿದರೆ ಇಪ್ಪತ್ತೈದು ವರ್ಷದ ಸ್ನೇಹ. ನನ್ನ ಹೆಸರನ್ನು ಅವನು ಒಂದು ಸಲವೂ ಕರೆದವನಲ್ಲ, ನಾನು ನಿವೃತ್ತನಾದ ಮೇಲೂ ಗಾರ್ಡೇ. ಈಗ ಆ ಹುದ್ದೆಗೆ ‘ಟ್ರೈನ್ ಮ್ಯಾನೇಜರ್’ ಎಂದು ಹೊಸ ಹೆಸರಿಟ್ಟಿದ್ದಾರಂತೆ ಎಂದು ಹೇಳಿದ್ದಕ್ಕೆ, “ಬುಡ್ಲಾ, ಮ್ಯಾನೇಜರ್ ಗೀನೇಜರ್ ಎಲ್ಲ ನಿನ್ ಮೂತಿಗ ಒಪ್ಪಲ್ಲ” ಎಂದು ಮುಗಿಸಿಬಿಟ್ಟ.

ಅವನ ಗಾಲ್ಫ್ ವ್ಯಾಖ್ಯಾನ ಕೇಳಬೇಕಿತ್ತು ನೀವು. ಗಾಲ್ಫಿನ ವೀಕ್ಷಕ ವಿವರಣೆಗಾರರು ಆಟಗಾರನ ಏಕಾಗ್ರತೆ ಕೆಡದಿರಲೆಂದು ಪಿಸುದನಿಯಲ್ಲಿ ಮಾತಾಡುತ್ತಾರಲ್ಲ, ಮೊದಲನೆಯ ದಿನವೇ ಗಾಬರಿಯಾದ. “ಯಾಕ್ಲಾ ಗಾರ್ಡು, ಇಂಗ್ ಪಿಸಪಿಸ ಅಂತಾವ್ರ? ಒಳ್ಗ ಯಾರಾರ ಉಸಾರಿಲ್ದೆ ಮಲ್ಗವ್ರಾ?” ಎಂದ. ಒಂದೊಂದು ಗುಂಡಿಗೂ ಇಂತಿಷ್ಟು ಹೊಡೆತದಲ್ಲಿ ಚೆಂಡು ಬೀಳಬೇಕೆಂದು ಗೊತ್ತುಮಾಡಿರುತ್ತಾರೆ, ಅದಕ್ಕೆ ‘ಪಾರ್’ ಎನ್ನುತ್ತಾರೆ. ಇವನಿಗೆ ಅದು ಕೇಳಿಸಿದ್ದು ಅಚ್ಚ ಕನ್ನಡವಾಗಿ. ಚೆಂಡು ಗುಂಡಿಯ ಅಂಚಿನಲ್ಲಿ ಹೊಯ್ದಾಡಿ ಒಳಗೆ ಬಿದ್ದಾಗ ಟಿವಿಯ ಬಿಳಿಯ ವಿವರಣೆಗಾರ ‘ಪಾರ್’ ಎಂದು ನಿಟ್ಟುಸಿರು ಬಿಟ್ಟರೆ, ಇವನು ತೊಡೆ ತಟ್ಟಿ “ಪಾರಾದ ಕಣ್ಲಾ!” ಎನ್ನುತ್ತಿದ್ದ. ನಾನು ಕೂರಿಸಿಕೊಂಡು ಅರ್ಥ ಬಿಡಿಸಿ ಹೇಳಿದೆ. ಎಲ್ಲ ಕೇಳಿ, “ನಾನು ಯೋಳಿದ್ದೂ ಅದ್ನೇ ಅಲ್ವಾ?” ಎಂದ. ಯೋಚಿಸಿ ನೋಡಿದರೆ ಅವನು ಹೇಳಿದ್ದೇ ಸರಿ. ಇನ್ನು ಪಾರಿಗಿಂತ ಒಂದು ಏಟು ಹೆಚ್ಚಾದರೆ ‘ಬೋಗಿ’. ಅದನ್ನಂತೂ ಅವನು ನನ್ನ ಕೊನೆಯ ಡಬ್ಬಿಗೇ ಜೋಡಿಸಿಬಿಟ್ಟ.

ಅವನಿಗೆ ಬಹಳ ದಿನ ಅರಗದೆ ಉಳಿದದ್ದು, ಈ ಆಟದಲ್ಲಿ ಕಡಿಮೆ ಹೊಡೆದವನೇ ಗೆಲ್ಲುತ್ತಾನೆ ಎಂಬುದು. “ಕಮ್ಮಿ ಒಡ್ದವ್ನು ಗೆದ್ನಾ? ಅಂಗಾರ ಒಡೀದೇ ಮನೇಲಿ ಕೂತಿರೋ ನಾನೇ ಎಲ್ಲಾರ್ಗಿಂತ ದೊಡ್ಡ ಆಟಗಾರ ಬುಡು” ಎಂದು ಎರಡು ವಾರ ಮುನಿಸಿಕೊಂಡಿದ್ದ. ಆದರೆ ಇನ್ನೊಂದು ನಿಯಮ ಕೇಳಿದ ಕ್ಷಣವೇ ಮೆತ್ತಗಾದ. ಈ ಆಟದಲ್ಲಿ ಬೆನ್ನ ಹಿಂದೆ ಅಂಪೈರು ಸುತ್ತುವುದಿಲ್ಲ. ಜೊತೆಯಲ್ಲಿ ಆಡುವ ಎದುರಾಳಿಯೇ ನಿನ್ನ ಹೊಡೆತಗಳನ್ನು ಎಣಿಸಿ ಚೀಟಿಯಲ್ಲಿ ಬರೆಯುತ್ತಾನೆ, ನೀನು ಅವನವನ್ನು ಬರೆಯುತ್ತೀಯ. ಆಟ ಮುಗಿದ ಮೇಲೆ ಇಬ್ಬರೂ ಓದಿ ನೋಡಿ ಸಹಿ ಹಾಕಬೇಕು. ಎರಡು ಸಹಿ ಇಲ್ಲದ ಚೀಟಿಗೆ ಕಿಮ್ಮತ್ತಿಲ್ಲ. “ಅಬ್ಬಾ! ಎದ್ರಾಳಿ ಕೈಲೇ ಬರ್ಸಾದಾ?” ಎಂದು ಅವನು ಮೀಸೆಯ ಮೇಲೆ ಬೆರಳಿಟ್ಟುಕೊಂಡ.

ನೋಡುವುದು ಸಾಲದೆ ಆಡುವ ಚಪಲ ಹತ್ತಿದ್ದು ಗುಂಡ್ಲುಪೇಟೆಯಲ್ಲಿ. ಗುಂಡ್ಲು ಹೊಳೆಯ ಉರುಟು ಕಲ್ಲುಗಳಿಂದ ಆ ಊರಿಗೆ ಹೆಸರು ಬಂತೆಂದು ಯಾರೋ ಹೇಳಿದ್ದರು, ನಾನು ವಿಚಾರಿಸಲು ಹೋಗಿಲ್ಲ. ಗುಂಡು ಮತ್ತು ಗುಂಡಿ ಎರಡೂ ಒಂದೇ ಹೆಸರಿನಲ್ಲಿ ಅಡಗಿರುವ ಊರು ಗಾಲ್ಫಿಗೆ ನಾಂದಿ ಹಾಡಿದ್ದರಲ್ಲಿ ಅಚ್ಚರಿಯೇನಿದೆ ಎಂದು ನನ್ನ ವಾದ. ಗುರುಮಲ್ಲಪ್ಪನ ಮಗಳು ಮಂಜುಳಾಳನ್ನು ಕೊಟ್ಟಿರುವುದು ಅಲ್ಲಿಗೇ. ಅವಳನ್ನು ನೋಡಲು ಇಬ್ಬರೂ ಹೋಗಿದ್ದಾಗ ಊಟಿ ರಸ್ತೆಯ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಹೊಲಿಗೆ ಮೆಷಿನ್ನುಗಳ ನಡುವೆ ಒಂದು ಕೋಲು ಕಂಡಿತು. “ಇದು ಗಾಲ್ಫಿಂದು ಚೇಟಾ, ಊಟಿ ಬಂಗ್ಲಾದಿಂದ ಬಂತು, ಬಾಲೂ ಉಂಟು” ಎಂದ ಮಲಯಾಳಿ ಅಂಗಡಿಯವನು. ಗುರುಮಲ್ಲಪ್ಪ ಅದನ್ನು ತಿರುಗಿಸಿ ನೋಡಿ “ಇದ್ಯಾವ ಗುದ್ಲಿನ್ಲಾ?” ಎಂದ. ಒಂದು ಕೋಲು, ಎರಡು ಚೆಂಡು ಹಿಡಿದುಕೊಂಡು ಬಸ್ಸು ಹತ್ತಿದೆವು.

ಹರದನಹಳ್ಳಿಯ ಹತ್ತಿರ ನೀರು ನಿಲ್ಲದ ಒಂದು ಕಟ್ಟೆಯ ಅಂಗಳ ಇದೆ. ದನ ಮೇದು ಮೇದು ಹುಲ್ಲನ್ನು ತಾವೇ ಒಪ್ಪವಾಗಿ ಕತ್ತರಿಸಿಟ್ಟಿದ್ದವು. ಅಲ್ಲಿ ಐದು ಗುಂಡಿ ತೋಡಿದೆವು. ಗೋಲಿಯ ಗುಂಡಿ, ಚಿನ್ನಿದಾಂಡಿನ ಬೀಸು, ಎರಡೂ ನಮ್ಮ ಮೈಯಲ್ಲಿ ಐವತ್ತು ವರ್ಷ ಮಲಗಿದ್ದವು, ಎಬ್ಬಿಸಿದ ಕೂಡಲೇ ಎದ್ದವು. ಒಂದೇ ಕೋಲಾದ್ದರಿಂದ ಅವನು ಹೊಡೆದು ನನಗೆ ಕೊಡುವುದು, ನಾನು ಹೊಡೆದು ಅವನಿಗೆ ಕೊಡುವುದು. ನನ್ನ ಹಳೆಯ ಡೈರಿಯಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿದ್ದವು. ಅವನ ಏಟು ನಾನು ಬರೆಯುವುದು, ನನ್ನ ಏಟು ಅವನು ಬರೆಯುವುದು, ಕೊನೆಗೆ ಇಬ್ಬರ ಸಹಿ. ಗುರುಮಲ್ಲಪ್ಪನ ಸಹಿ ಇಡೀ ಸಾಲು ಹಿಡಿಯುತ್ತಿತ್ತು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ನನ್ನ ಏಟಿನ ಎಣಿಕೆಯಲ್ಲಿ ಅವನು ಒಂದನ್ನೂ ಬಿಟ್ಟವನಲ್ಲ. ಗಾಳಿಗೆ ಹೊಡೆದರೂ “ಅದೂ ಒಂದು” ಎಂದು ಬರೆಯುತ್ತಿದ್ದ.

ಹೀಗಿರುವಾಗ ಅವನಿಗೆ ಲಕ್ವ ತಗುಲಿತು. ದೊಡ್ಡದಲ್ಲ, ಎಡಗೈ ಎಡಗಾಲಿಗೆ ಮಾತ್ರ. ಆರು ತಿಂಗಳು ಮಂಚ ಹಿಡಿದು, ಎಣ್ಣೆ ತಿಕ್ಕಿಸಿಕೊಂಡು, ಗೋಡೆ ಹಿಡಿದು ನಡೆದು, ಕೊನೆಗೊಂದು ಭಾನುವಾರ “ನಡೀಲಾ, ಕಟ್ಟೆತಾವ್ಕ ಹೋಗನ” ಎಂದು ತಾನೇ ಬಂದ. ಆ ದಿನ ನನಗಾದ ಸಂತೋಷವನ್ನು ಈಗಲೂ ಮರೆತಿಲ್ಲ. ನಾಲ್ಕು ಗುಂಡಿ ಮುಗಿಯುವ ಹೊತ್ತಿಗೆ ಇಬ್ಬರದೂ ಹತ್ತಿರ ಹತ್ತಿರ ಇತ್ತು. ಐದನೆಯದರಲ್ಲಿ ಅವನ ಚೆಂಡು ಜಾಲಿಯ ಮುಳ್ಳಿನ ಬುಡಕ್ಕೆ ಹೋಗಿ ಕೂತಿತು. ಎಡಗೈ ನಡುಗುತ್ತಿತ್ತು. ಎರಡು ಸಲ ಮಣ್ಣಿಗೆ ಹೊಡೆದ, ಮೂರನೆಯ ಸಲ ಮುಳ್ಳಿಗೆ. ಅಂತೂ ಒಂಬತ್ತನೆಯ ಏಟಿಗೆ ಗುಂಡಿಗೆ ಬಿತ್ತು. ನಾನು ಅವನ ಮುಖ ನೋಡಿದೆ, ಡೈರಿ ನೋಡಿದೆ, ಎಂಟು ಎಂದು ಬರೆದೆ.

ಯಾಕೆ ಬರೆದೆ? ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಲು ಹೋದರೆ ಮೊದಲು ಆಡುವ ಮಾತು ‘ಪರವಾಗಿಲ್ಲ, ಗೆಲುವಾಗಿದ್ದೀರಿ’ ಎಂದು. ಮನುಷ್ಯ ಒಣಗಿ ಕಡ್ಡಿಯಾಗಿರಲಿ, ಮಾತು ಅದೇ. ನಮ್ಮ ಭಾಷೆಯಲ್ಲಿ ಪಂದ್ಯ ಗೆದ್ದರೂ ಗೆಲುವು, ಮುಖ ಅರಳಿದ್ದರೂ ಗೆಲುವು. ಈ ಪದ ಮಾಡಿದವರು ಯಾರೋ ಸೋತವರ ಮನೆಗೆ ಹೋಗಿ ಬಂದವರೇ ಇರಬೇಕು. ನಾನು ಬರೆದ ಎಂಟು ಆ ಜಾತಿಯದು. ಕಾಯಿಲೆಯವನ ಮಂಚದ ಪಕ್ಕ ಕೂತು ಆಡಬೇಕಾದ ಮಾತನ್ನು ಡೈರಿಯಲ್ಲಿ ಬರೆದುಬಿಟ್ಟೆ. ಕೂಡಿಸಿದಾಗ ನನ್ನದು ಮೂವತ್ತನಾಲ್ಕು, ಅವನದು ಮೂವತ್ತಮೂರು. ಒಂದರಲ್ಲಿ ಅವನು ಗೆದ್ದ. ಡೈರಿ ಇಸಿದುಕೊಂಡು ಸಹಿ ಹಾಕಿದ. ಚುಕ್ಕೆ ಎರಡೂ ಮರೆತ, ಆಗ ನಾನು ಅದನ್ನು ಗಮನಿಸಲಿಲ್ಲ.

ಊರ ಟೀ ಅಂಗಡಿಯಲ್ಲಿ ಗಾರ್ಡನ್ನು ಗುರುಮಲ್ಲಪ್ಪ ಸೋಲಿಸಿದನಂತೆ ಎಂದು ದೊಡ್ಡ ಸುದ್ದಿಯಾಯಿತು. ಸುದ್ದಿ ಮಾಡಿದವನು ನಾನೇ. ಎರಡು ದಿನ ಬಿಟ್ಟು ಅವನು ಬೆಳಿಗ್ಗೆ ಬೆಳಿಗ್ಗೆಯೇ ಆಟೋದಲ್ಲಿ ನನ್ನ ಮನೆಗೆ ಬಂದ. ಒಳಗೂ ಬರಲಿಲ್ಲ. ಬಾಗಿಲಲ್ಲೇ ನಿಂತು, “ನಾ ಒಂಬತ್ತು ಒಡ್ದಿದ್ದು. ನೀ ಎಂಟ್ ಬರ್ದಿದ್ದೀಯ. ನಾನೇನ್ ಸತ್ತೋಗಿದ್ನೇನ್ಲಾ, ನಂಗ ಭಿಕ್ಷ ಆಕಕ?” ಎಂದ. ಮೀಸೆ ನಡುಗುತ್ತಿತ್ತು. ನಾನು ಏನೋ ತೊದಲಿದೆ, ಒಂದು ಏಟು ತಾನೇ, ಕೂತ್ಕೋ, ಕಾಫಿ ಮಾಡ್ತೀನಿ ಎಂದೆ. “ನಿನ್ ಕಾಫಿನೂ ಬ್ಯಾಡ, ನಿನ್ ಎಂಟೂ ಬ್ಯಾಡ” ಎಂದು ಅದೇ ಆಟೋದಲ್ಲಿ ಹೊರಟುಹೋದ. ಮುಂದಿನ ವಾರ ಮಂಜುಳಾ ಬಂದು, ಗುಂಡ್ಲುಪೇಟೆಯಲ್ಲಿ ಕೇರಳದ ವೈದ್ಯರೊಬ್ಬರು ಚೆನ್ನಾಗಿ ನೋಡುತ್ತಾರೆಂದು ಅವನನ್ನು ಕರೆದುಕೊಂಡು ಹೋದಳು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಹತ್ತು ಸಲ ಮಾಡಿ ನಾನೂ ಬಿಟ್ಟೆ. ನನಗೂ ಮೀಸೆ ಇದೆ, ಚಿಕ್ಕದಾದರೂ.

ಹನ್ನೊಂದು ತಿಂಗಳು. ಹೆಂಡತಿ ಹೋದಾಗ ಊರವರೆಲ್ಲ ಬಂದು ಕೂತರು, ಅಳಲು ಜನವಿತ್ತು. ಸ್ನೇಹಿತ ಮುನಿಸಿಕೊಂಡು ಹೋದರೆ ಯಾರೂ ಬರುವುದಿಲ್ಲ, ಹೇಳಿಕೊಳ್ಳಲೂ ನಾಚಿಕೆ. ಒಂದು ದಿನ ಕೋಲು ತೆಗೆದುಕೊಂಡು ಒಬ್ಬನೇ ಕಟ್ಟೆಗೆ ಹೋದೆ. ಹೊಡೆದೆ, ನಡೆದೆ, ಮತ್ತೆ ಹೊಡೆದೆ. ಕೋಲನ್ನು ಪಕ್ಕಕ್ಕೆ ಚಾಚಿದೆ, ಅಭ್ಯಾಸ ಬಲ. ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಮೇಕೆ ಕಾಯುತ್ತಿದ್ದ ಒಬ್ಬಾಕೆ “ಒಬ್ರೇ ಏನ್ ಮಾಡೀರಿ ಸಾ, ಏನಾರ ಕಳ್ಕಂಡ್ರಾ?” ಎಂದು ಕೇಳಿದಳು. ಹೌದಮ್ಮ ಎಂದೆ. ಪಾಪ, ಅವಳೂ ಸ್ವಲ್ಪ ಹೊತ್ತು ಹುಲ್ಲಿನಲ್ಲಿ ಹುಡುಕಿದಳು. ಮೂರು ಗುಂಡಿ ಮುಗಿಸಿ ಡೈರಿ ತೆರೆದರೆ ನನ್ನ ಏಟು ನಾನೇ ಬರೆದುಕೊಳ್ಳಬೇಕು. ಬರೆದುಕೊಂಡರೂ ಇನ್ನೊಂದು ಸಹಿ ಎಲ್ಲಿಂದ ತರಲಿ? ಮುಚ್ಚಿಟ್ಟು ಮನೆಗೆ ಬಂದೆ.

ಇನ್ನು ಪಂದ್ಯಕ್ಕೆ ಬರುತ್ತೇನೆ. ಗಾಲ್ಫಿನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯ. ಅದರಲ್ಲಿ ಒಂದನ್ನು ಆಷಾಢದ ಹೊತ್ತಿಗೆ ಸಮುದ್ರದ ದಂಡೆಯಲ್ಲಿ, ಗಾಳಿ ಮಳೆಯ ನಡುವೆ ಆಡುತ್ತಾರೆ. ನಾಲ್ಕು ದಿನ ಅಷ್ಟೆಲ್ಲ ಕಷ್ಟಪಟ್ಟವನಿಗೆ ಕೈಗೆ ಕೊಡುವುದು ಒಂದು ಬೆಳ್ಳಿಯ ಹೂಜಿ. ಎರಡು ದಿನ ಆದ ಮೇಲೆ ಹಿಂದುಳಿದ ಅರ್ಧ ಜನರನ್ನು ಮನೆಗೆ ಕಳಿಸಿಬಿಡುತ್ತಾರೆ. ರಾತ್ರಿ ಬಂಡೀಪುರದ ಕಾಡಿನ ಗೇಟು ಹಾಕಿದಂತೆ, ಹೊತ್ತಿಗೆ ಮುಂಚೆ ಬಂದವನು ದಾಟಿದ, ತಡವಾದವನು ಈಚೆಯೇ. ನೇರ ಪ್ರಸಾರ ಮುಗಿಯುವ ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತದೆ, ಹಾಗಾಗಿ ಸೋಮವಾರ ಬೆಳಿಗ್ಗೆ ಮರುಪ್ರಸಾರ ನೋಡುವುದು ರೂಢಿ. ಪೇಪರಿನ ಆಟದ ಪುಟವನ್ನು ಬೇಕೆಂದೇ ಮಡಚಿ ದಿಂಬಿನ ಕೆಳಗೆ ಇಟ್ಟಿರುತ್ತೇನೆ. ನಿನ್ನೆಯೇ ಗೆದ್ದು ಮಲಗಿ ಎದ್ದವನು ಇವತ್ತು ನನ್ನೊಬ್ಬನಿಗಾಗಿ ಮತ್ತೆ ಮೊದಲಿಂದ ಕಷ್ಟಪಡುತ್ತಾನೆ. ಈ ವರ್ಷವೂ ಹಾಗೆಯೇ, ಒಲೆಯ ಮೇಲೆ ಕುಕ್ಕರಿಟ್ಟು ಟಿವಿಯ ಮುಂದೆ ಕೂತೆ.

ಕೊನೆಯ ಜೋಡಿಯಲ್ಲಿ ಇಬ್ಬರು. ಒಬ್ಬ ವಯಸ್ಸಾದವನು, ಹಸಿರು ಟೋಪಿ. ಇನ್ನೊಬ್ಬ ಕೆಂಪು ಗಡ್ಡದ ಯುವಕ. ಅವರ ಹೆಸರುಗಳು ನನ್ನ ನಾಲಗೆಗೆ ಹೊರಳುವಂಥವಲ್ಲ, ಗುರುಮಲ್ಲಪ್ಪನಿದ್ದಿದ್ದರೂ ಟೋಪಿ, ಗಡ್ಡ ಎಂದೇ ಕರೆಯುತ್ತಿದ್ದ. ಟೋಪಿ ಈ ಹಿಂದೆ ಮೂರು ಸಲ ಹೂಜಿಯ ಹತ್ತಿರ ಬಂದು ಸೋತಿದ್ದನಂತೆ. ಇನ್ನು ಅವನಿಗೆ ವಯಸ್ಸಿಲ್ಲ, ಇದೇ ಕೊನೆ ಎಂದು ಪಿಸುದನಿಯವರು ಮತ್ತೆ ಮತ್ತೆ ಹೇಳುತ್ತಿದ್ದರು. ಹದಿನೆಂಟು ಗುಂಡಿಯಲ್ಲಿ ಹದಿನೈದು ಮುಗಿದಾಗ ಅವನು ಗಡ್ಡಕ್ಕಿಂತ ಒಂದು ಏಟು ಮುಂದಿದ್ದ. ನನಗೆ ಅವನೇ ಗೆಲ್ಲಬೇಕು ಅನ್ನಿಸಿಬಿಟ್ಟಿತ್ತು. ಪಕ್ಕದ ಖಾಲಿ ಕುರ್ಚಿಗೆ ಹಾಗೆಂದು ಜೋರಾಗಿ ಹೇಳಿಯೂಬಿಟ್ಟೆ.

ಹದಿನಾರನೆಯದರಲ್ಲಿ ಅವನ ಚೆಂಡು ಮೊಣಕಾಲುದ್ದದ ಹುಲ್ಲಿನೊಳಗೆ ಹೋಯಿತು. ಒಬ್ಬನೇ ಒಳಗಿಳಿದ. ಬಗ್ಗಿ ಚೆಂಡಿನ ಪಕ್ಕದ ಒಂದು ಒಣಕಡ್ಡಿ ತೆಗೆದ. ಅಷ್ಟೇ. ಆಮೇಲೆ ನೆಟ್ಟಗೆ ನಿಂತು ಕೈ ಎತ್ತಿದ. ಕಡ್ಡಿ ತೆಗೆಯುವಾಗ ಚೆಂಡು ಅಲುಗಿತು ಎಂದ. ಅಲುಗಿದರೆ ಒಂದು ಏಟು ದಂಡ. ಗಡ್ಡ ಹತ್ತಿರ ಬಂದು, ನಾನೇನೂ ನೋಡಲಿಲ್ಲ ಎಂದು ತಲೆಯಾಡಿಸಿದ. ನಿಯಮ ಬಲ್ಲ ಅಧಿಕಾರಿಯನ್ನು ಕರೆಸಿದರು. ಟಿವಿಯವರು ಐದಾರು ಸಲ ದೊಡ್ಡದು ಮಾಡಿ ತೋರಿಸಿದರು, ಹುಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಯಾರ ಕಣ್ಣಿಗೂ ಬೀಳದ್ದನ್ನು ಆ ಮನುಷ್ಯ ತಾನೇ ಎಳೆದು ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದ. ‘ಅಯ್ಯೋ ಸುಮ್ಮನಿರಯ್ಯಾ!’ ಎಂದು ನಾನು ಟಿವಿಗೆ ಕೂಗಿದೆ. ಅವನು ಸುಮ್ಮನಿರಲಿಲ್ಲ. ಒಂದು ಏಟು ಸೇರಿತು, ಇಬ್ಬರೂ ಸಮ. ಗಡ್ಡ ಜೇಬಿನಿಂದ ಚೀಟಿ ತೆಗೆದು, ಟೋಪಿಯ ಮುಖವನ್ನೊಮ್ಮೆ ನೋಡಿ, ಆ ಏಟನ್ನು ತನ್ನ ಕೈಯಾರೆ ಬರೆದ. ಕಡಿಮೆ ಬರೆಯಲಿಲ್ಲ. ನನ್ನ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಡೈರಿಯ ಕಡೆ ಹೋಯಿತು.

ಹದಿನೇಳನೆಯದರಲ್ಲಿ ಇಬ್ಬರೂ ಪಾರು. ಹದಿನೆಂಟನೆಯದರಲ್ಲಿ ಟೋಪಿಯ ಚೆಂಡು ಮರಳಿನ ಹಳ್ಳಕ್ಕೆ ಬಿದ್ದು, ಅಲ್ಲಿಂದ ಎಗರಿ ಗುಂಡಿಯ ಸುತ್ತಲಿನ ನುಣುಪು ಹಸಿರಿನ ಮೇಲೆ ಬಂದು ನಿಂತಿತು. ಎರಡಾಳುದ್ದ ದೂರ. ಬಹಳ ಹೊತ್ತು ಬಗ್ಗಿ ನೋಡಿದ, ಮೆಲ್ಲಗೆ ತಳ್ಳಿದ, ಅದು ಅಂಚಿಗೆ ಹೋಗಿ, ಯೋಚನೆ ಮಾಡಿ, ಒಳಗೆ ಬಿತ್ತು. ‘ಪಾರಾದ!’ ಎಂದು ನಾನೊಬ್ಬನೇ ತೊಡೆ ತಟ್ಟಿದೆ. ಗಡ್ಡಕ್ಕೆ ಎರಡು ಏಟು ಸಾಕಿತ್ತು ಸಮ ಮಾಡಲು. ಮೊದಲನೆಯದು ಗುಂಡಿ ದಾಟಿ ಮುಂದೆ ಹೋಯಿತು. ಎರಡನೆಯದು ತೀರಾ ಹತ್ತಿರದ್ದು, ಅಂಚು ಸುತ್ತಿ ಹೊರಗೆ ಉಳಿಯಿತು. ಟೋಪಿ ಒಂದು ಏಟಿನಲ್ಲಿ ಗೆದ್ದ. ಕುಣಿಯಲಿಲ್ಲ, ಟೋಪಿ ತೆಗೆದು ಗಡ್ಡದ ಭುಜ ಹಿಡಿದುಕೊಂಡ. ಆಮೇಲೆ ಇಬ್ಬರೂ ಒಂದು ಸಣ್ಣ ಕೋಣೆಗೆ ಹೋಗಿ, ಮೇಜಿನ ಎದುರುಬದುರು ಕೂತು, ಒಬ್ಬರ ಚೀಟಿ ಒಬ್ಬರು ಓದಿ ಸಹಿ ಹಾಕಿದರು. ಹೂಜಿ ಎತ್ತಿದ್ದಕ್ಕಿಂತ ಆ ಮೇಜು ನೋಡಿ ನನಗೆ ಅಳು ಬಂತು. ಸೋತವನಿಗೂ ಎದುರಿಗೆ ಒಬ್ಬನಿದ್ದನಲ್ಲ.

ಆಗ ಮೂಗಿಗೆ ವಾಸನೆ ಬಡಿಯಿತು. ಕುಕ್ಕರು ಎಷ್ಟು ಕೂಗಿತ್ತೋ ಶಿವನೇ ಬಲ್ಲ. ಅನ್ನದ ತಳ ಇದ್ದಿಲಾಗಿತ್ತು. ಅದನ್ನು ನೀರಿಗೆ ಹಾಕಿ, ಡೈರಿಯನ್ನು ಚೀಲಕ್ಕೆ ತುರುಕಿ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ದಾರಿಯ ಉದ್ದಕ್ಕೂ ಚೆಂಡುಹೂವಿನ ಹೊಲಗಳು ಹಳದಿಯಾಗಿ ಅರಳಿದ್ದವು, ಕೇರಳದ ಕಾರುಗಳವರು ಇಳಿದು ಒಬ್ಬರಿಗೊಬ್ಬರು ಫೋಟೋ ತೆಗೆದುಕೊಳ್ಳುತ್ತಿದ್ದರು. ಏನು ಹೇಳಬೇಕೆಂದು ನಾನು ಒಂದು ಗಂಟೆ ಅಭ್ಯಾಸ ಮಾಡಿದೆ, ಇಳಿಯುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು.

ಗುರುಮಲ್ಲಪ್ಪ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ. ಮೀಸೆ ಪೂರ್ತಿ ಬಿಳುಪಾಗಿತ್ತು. ‘ಗೆಲುವಾಗಿದ್ದೀಯ’ ಎಂಬ ಮಾತು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. “ಬನ್ನಿ ಗಾರ್ಡ್ ಮಾಮ” ಎಂದು ಮಂಜುಳಾ ಒಳಗಿಂದ ಬಂದವಳು, ನಮ್ಮಿಬ್ಬರ ಮುಖ ನೋಡಿ ಟೀ ಮಾಡುವ ನೆಪದಲ್ಲಿ ಒಳಗೇ ಹೋದಳು. ನಾನು ಅವನ ಪಕ್ಕ ಕೂತು, ಡೈರಿ ತೆಗೆದು, ಆ ಹಾಳೆ ತೆರೆದು, ಪೆನ್ಸಿಲಿನಿಂದ ಎಂಟನ್ನು ಹೊಡೆದು ಒಂಬತ್ತು ಎಂದು ಬರೆದೆ. ಕೂಡಿಸಿದ ಮೊತ್ತವನ್ನೂ ತಿದ್ದಿ ಮೂವತ್ತನಾಲ್ಕು ಮಾಡಿದೆ.

“ನಾನು ಹಂಗೆ ಬರೀಬಾರದಿತ್ತು. ತಪ್ಪಾಯ್ತು. ಇಬ್ಬರದೂ ಸಮ. ಸಹಿ ಹಾಕು.”

ಅವನು ಪೆನ್ಸಿಲ್ ತೆಗೆದುಕೊಂಡ. ಸಹಿ ಹಾಕಲಿಲ್ಲ. ನನ್ನ ಒಂಬತ್ತನ್ನೂ ಹೊಡೆದು, ಪಕ್ಕದಲ್ಲಿ ದಪ್ಪಗೆ ಹತ್ತು ಎಂದು ಬರೆದ.

“ಸಮ ಅಲ್ಲ ಕಣ್ಲಾ. ಮುಳ್ಳಿನ್ ಬುಡದಲ್ಲಿ ನೀ ಆ ಕಡ ತಿರ್ಗಿದ್ದಾಗ ನಾ ಚೆಂಡ ಕಾಲಲ್ಲಿ ವಸಿ ತಳ್ಬುಟ್ಟೆ. ಯಾರೂ ನೋಡ್ನಿಲ್ಲ. ಅದೂ ಒಂದು.”

ನಾನು ಡೈರಿಯನ್ನು ನನ್ನ ಕಡೆ ತಿರುಗಿಸಿ ಆ ಹತ್ತನ್ನು ಇನ್ನೊಮ್ಮೆ ಓದಿದೆ.

“ಆಮ್ಯಾಕ ನೀ ಎಂಟ್ ಬರ್ದಿದ್ದ ನೋಡಿ ಎದೆ ಧಸಕ್ ಅಂತು. ಇಂವ ನೋಡ್ಬುಟ್ಟವ್ನ, ಬೇಕಂತ್ಲೇ ಅಣಕುಸ್ತಾವ್ನ ಅನ್ಕಂಡೆ. ಅದ್ಕೇ ಜಗಳ ತಗ್ದಿದ್ದು. ಭಿಕ್ಷ ಗಿಕ್ಷ ಎಲ್ಲ ಸುಳ್ಳು. ಯಾವ್ ಮಕ ಹೊತ್ಕಂಡು ನಿನ್ ಫೋನ್ ಎತ್ಲಿ?” ಎಂದು ಅವನು ಬೀದಿಯ ಕಡೆ ನೋಡತೊಡಗಿದ. “ಟಿವೀಲಿ ಆ ಟೋಪಿ ಹಾಕ್ಕಂಡವ್ನು ಕೈ ಎತ್ತುದ್ನಲ್ಲ, ನೋಡ್ದಾ? ನಾನೂ ನೋಡ್ದೆ, ಇಲ್ಲೇ ಒಬ್ನೇ ಕೂತು. ಉಣ್ಣಕ್ಕೂ ಆಗ್ನಿಲ್ಲ ಕಣ್ಲಾ.”

ಆಮೇಲೆ ಬೆರಳೆಣಿಸಿ ಕೂಡಿಸಿದ. ಮೂವತ್ತೈದು. ಈ ಸಲ ಸಹಿ ಹಾಕಿದ. ಗೆರೆ ಸ್ವಲ್ಪ ಸೊಟ್ಟಗೆ ಬಂತು, ಕೆಳಗೆ ಎರಡು ಚುಕ್ಕೆಯನ್ನೂ ಇಟ್ಟ.

“ನೀನೇ ಗೆದ್ದಿರದು. ಹನ್ನೊಂದ್ ತಿಂಗ್ಳಾಯ್ತು.”

ಹನ್ನೊಂದು ತಿಂಗಳಿಂದ ನಾನು ಚಾಂಪಿಯನ್ನಾಗಿದ್ದೆ, ನನಗೇ ಗೊತ್ತಿರಲಿಲ್ಲ, ಒಬ್ಬನೇ ಕೂತು ಸೀದ ಅನ್ನ ತಿನ್ನುತ್ತಿದ್ದೆ. ಆ ಮಾತು ಹೇಳಿದ್ದಕ್ಕೆ ಅವನು ಮೊದಲು ಮೂಗಿನಲ್ಲಿ, ಆಮೇಲೆ ಮೀಸೆಯಲ್ಲಿ, ಆಮೇಲೆ ಇಡೀ ಮೈಯಲ್ಲಿ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ. ಹೂಜಿಯ ಬದಲು ಮಂಜುಳಾ ನನಗೆ ಒಂದು ಚೊಂಬು ನೀರು, ಟೀ, ಎರಡು ಬಾಳೆಹಣ್ಣು ಕೊಟ್ಟಳು.

ಈಗಲೂ ನಾನು ಒಬ್ಬನೇ ಇದ್ದೇನೆ, ಅದೇನೂ ಬದಲಾಗಿಲ್ಲ. ಅವನು ಗುಂಡ್ಲುಪೇಟೆಯಲ್ಲೇ ಇದ್ದಾನೆ, ಕಾಲು ಇನ್ನೂ ಕಟ್ಟೆಯ ಅಂಗಳಕ್ಕೆ ಇಳಿಯುವಷ್ಟು ಗಟ್ಟಿಯಾಗಿಲ್ಲ, ಆಗುತ್ತದೋ ಇಲ್ಲವೋ ಹೇಳಲಾರೆ. ಸಂಜೆಗಳು ಮೊದಲಿನಷ್ಟೇ ಉದ್ದ. ಆದರೆ ಬೆಳಿಗ್ಗೆ ಹತ್ತಕ್ಕೆ ಫೋನು ಬರುತ್ತದೆ. ಅದನ್ನು ಸ್ಪೀಕರಿನಲ್ಲಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತೇನೆ. ಮಳೆ, ಅರಿಸಿನ, ಅವನ ಎಡಗೈ ಎಷ್ಟು ಮೇಲೆದ್ದಿತು ಎಂದೆಲ್ಲ ಮಾತಾಡುತ್ತೇವೆ. ನಿನ್ನೆ ಹೀಗೆ ಮಾತಿನಲ್ಲಿ ಮೈಮರೆತು, ಅನ್ನಕ್ಕಿಟ್ಟ ಕುಕ್ಕರು ಕೂಗಿದ್ದು ಎರಡೋ ಮೂರೋ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಎರಡೇ ಇರಬೇಕು ಎಂದೆ.

“ಯಾವ್ ಎರಡು? ಕಮ್ಮಿ ಯೋಳೋ ಚಾಳಿ ಇನ್ನೂ ಬುಟ್ಟಿಲ್ವಾ ನೀನು?” ಎಂದಿತು ಫೋನು. “ಮೂರಾಯ್ತು ಕಣ್ಲಾ, ನಾ ಎಣುಸ್ತಾ ಇವ್ನಿ. ಒಲೆ ಆರ್ಸು.”